ಬಾಗಿನದಲ್ಲಿ ಬಂದ ಫೋನು

ಗೌರಿ ಹಬ್ಬದ ಬೆಳಿಗ್ಗೆ ರಮ್ಯ ಒಬ್ಬಟ್ಟಿಗೆ ಕಣಕ ನಾದುತ್ತಿದ್ದಾಗ ಹೊರಗೆ ಕಾರಿನ ಹಾರ್ನು ಕೇಳಿಸಿತು. ಮೂಡಲಪಾಳ್ಯದ ಆ ಸಣ್ಣ ರಸ್ತೆಯಲ್ಲಿ ಅಷ್ಟು ಉದ್ದಕ್ಕೆ ಹಾರ್ನು ಹೊಡೆಯುವವನು ಒಬ್ಬನೇ, ಅವಳ ತಮ್ಮ ಮಧುಕುಮಾರ್. ಕೆಂಗೇರಿಯ ತವರುಮನೆಯಿಂದ ವರ್ಷವರ್ಷ ಬಾಗಿನ ತರುವುದು ಅವನ ಪಾಲಿನ ಕೆಲಸ. ಅಮ್ಮ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಎಲ್ಲ ಜೋಡಿಸಿ, ಮೇಲೆ ಇನ್ನೊಂದು ಮೊರ ಮುಚ್ಚಿ ಕೊಟ್ಟಿರುತ್ತಾಳೆ. ಸೈಟು ವ್ಯಾಪಾರ ಮಾಡುವ ಮಧು ವರ್ಷವೆಲ್ಲ ಯಾರ ಮಾತಿಗೂ ಬಗ್ಗುವವನಲ್ಲ. ಆದರೆ ಈ ಒಂದು ದಿನ ಮಾತ್ರ ಪಂಚೆ ಉಟ್ಟು, ಹಣೆಗೆ ಕುಂಕುಮವಿಟ್ಟು, ಮೊರವನ್ನು ಎರಡೂ ಕೈಯಲ್ಲಿ ಹಿಡಿದು ಬಲು ಸಾಧುವಾಗಿ ಬರುತ್ತಾನೆ.

ರಮ್ಯ ಕೈ ತೊಳೆದು, ಸೆರಗೊಡ್ಡಿ ಬಾಗಿನ ತೆಗೆದುಕೊಂಡಳು. ಗೌರಿಯ ಮುಂದೆ ಇಟ್ಟು ಮೇಲಿನ ಮೊರ ಸರಿಸಿದರೆ ಬಳೆಗಳ ಪಕ್ಕದಲ್ಲಿ ಹೊಸ ಫೋನಿನ ಡಬ್ಬವೊಂದು ಕೂತಿತ್ತು. ಡಬ್ಬಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು.

"ಏನೋ ಇದು?"

"ಧನ್ಯಾಗೆ. ಸೋದರಮಾವನ ಕಡೆಯಿಂದ."

"ನಾನು ಬೇಡ ಅಂದಿದ್ನಲ್ಲೋ. ಎಂಟು ವರ್ಷದ ಮಗೂಗೆ ಯಾಕೋ ಫೋನು?"

"ಬೇಡ ಅಂದೆ ಅಂತಾನೇ ಬಾಗಿನದಲ್ಲಿ ಇಟ್ಟಿದ್ದು ಅಕ್ಕ. ಬಾಗಿನ ವಾಪಸ್ ಕೊಡೋಕಾಗಲ್ವಲ್ಲ" ಎಂದು ಮಧು ನಕ್ಕ.

ಆ ಜಾಣತನವನ್ನು ಅವನು ಇನ್ನೆಲ್ಲಾದರೂ ತೋರಿಸಿದ್ದರೆ ಮೆಚ್ಚಬಹುದಿತ್ತು. ಗೌರಿಯ ಎದುರಿನಲ್ಲಿ, ತವರಿನ ಬಾಗಿನದಿಂದ ಒಂದು ವಸ್ತುವನ್ನು ಎತ್ತಿ ಹೊರಗಿಡಲು ರಮ್ಯಳಿಗೆ ಕೈ ಬರಲಿಲ್ಲ. ಅಷ್ಟರಲ್ಲಿ ಮಗಳು ಧನ್ಯಶ್ರೀ ಓಡಿಬಂದು ಡಬ್ಬ ಎದೆಗವಚಿಕೊಂಡು ಮಾವನ ಕುತ್ತಿಗೆಗೆ ಜೋತುಬಿದ್ದಾಗಿತ್ತು.

ಗಂಡ ಗಿರಿರಾಜ್ ಕೂಡ ಮಧುವಿನ ಪಕ್ಷವೇ. ಮುಖ್ಯರಸ್ತೆಯಲ್ಲಿ ಅವನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ, ಮಧ್ಯಾಹ್ನದ ಹೊತ್ತು ರಮ್ಯಳೂ ಅಲ್ಲಿ ಕೂರುತ್ತಿದ್ದಳು. "ಇರ್ಲಿ ಬಿಡು ರಮ್ಯ. ಮಳೆ ಬಂದ ದಿನ ನೆನಪಿಲ್ವಾ? ಫೋನ್ ಇದ್ದಿದ್ರೆ ಆವತ್ತು ನಾವು ಅಷ್ಟು ಒದ್ದಾಡಬೇಕಿತ್ತಾ?" ಎಂದ. ಚಂದ್ರಾ ಲೇಔಟಿನ ಟ್ಯೂಷನ್ನಿನಿಂದ ಬರುವ ಆಟೋ ಆ ದಿನ ನೀರಿನಲ್ಲಿ ಕೆಟ್ಟು ನಿಂತಿತ್ತು. ಮಗಳು ಮನೆ ಸೇರುವವರೆಗೆ ರಮ್ಯ ಕೊಡೆಯೂ ಇಲ್ಲದೆ ರಸ್ತೆಯಲ್ಲಿ ಹುಚ್ಚಿಯ ಹಾಗೆ ಓಡಾಡಿದ್ದಳು. ಆ ಭಯ ಸುಳ್ಳಲ್ಲ. ಹಾಗಾಗಿ ಅವಳು ಒಪ್ಪಿದಳು.

ಮೊದಮೊದಲು ಫೋನು ಟ್ಯೂಷನ್ ಬ್ಯಾಗಿನಲ್ಲಿತ್ತು. ಆಮೇಲೆ ಊಟದ ತಟ್ಟೆಯ ಪಕ್ಕಕ್ಕೆ ಬಂತು. ದಸರಾ ರಜೆ ಮುಗಿಯುವಷ್ಟರಲ್ಲಿ ದಿಂಬಿನ ಕೆಳಗೆ ಸೇರಿತು. ತರಗತಿಯ ಹುಡುಗಿಯರದೊಂದು ಗುಂಪು ಆಗಿದೆ, ಫೋನ್ ಇರುವವರು ಮಾತ್ರ ಅದರಲ್ಲಿದ್ದಾರೆ ಎಂದು ಮಗಳೇ ಹೆಮ್ಮೆಯಿಂದ ಹೇಳಿದಳು. ಅವರದೇ ಮನೆಯ ಎರಡನೇ ಮಹಡಿಯಲ್ಲಿದ್ದ ವಚನಾಳ ಹತ್ತಿರ ಫೋನಿರಲಿಲ್ಲ.

ವಚನಾ ಬಾಡಿಗೆಗಿದ್ದವರ ಮಗಳು. ರಾಣೆಬೆನ್ನೂರಿನ ಕಡೆಯವರು, ತಂದೆಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ. ತಾಯಿ ಬಸವರಾಜೇಶ್ವರಿ ದನಿ ಎತ್ತಿ ಮಾತಾಡದ ಹೆಂಗಸು. ಅಮಾವಾಸ್ಯೆಗೋ ಹಬ್ಬಕ್ಕೋ ಬಿಸಿ ರೊಟ್ಟಿ, ಎಣಗಾಯಿ ಪಲ್ಯ ಕೆಳಗಿಳಿದು ಬರುತ್ತಿತ್ತು. ವಚನಾ, ಧನ್ಯಶ್ರೀ ಇಬ್ಬರೂ ಒಂದೇ ಸ್ಕೂಲು, ಒಂದೇ ತರಗತಿ. ಫೋನು ಬರುವ ಮುಂಚೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚೌಕಾಬಾರ ಆಡುತ್ತಿದ್ದರು. ಆಟ ಯಾವಾಗ ನಿಂತಿತೆಂದು ರಮ್ಯ ಗಮನಿಸಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಬಸವರಾಜೇಶ್ವರಿ ಕೆಳಗೆ ಬಂದು ಬಾಗಿಲಲ್ಲೇ ನಿಂತರು.

"ಅಕ್ಕಾರ, ನಾವು ಮನಿ ಖಾಲಿ ಮಾಡ್ತೀವ್ರಿ."

ರಮ್ಯಳಿಗೆ ದಿಗಿಲಾಯಿತು. "ಯಾಕೆ ಬಸವರಾಜೇಶ್ವರಿ? ನೀರಿನ ತೊಂದ್ರೆ ಏನಾದ್ರೂ..."

"ಹಂಗೇನಿಲ್ರೀ. ಹುಡುಗಿಗೆ ಸಾಲಿ ದೂರ ಆಗ್ತದ."

ಸ್ಕೂಲು ಇರುವುದು ಪಕ್ಕದ ರಸ್ತೆಯಲ್ಲಿ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳುವ ಸುಳ್ಳೇ ಹಾಗೆ, ಎದುರಿಗಿರುವವರಿಗೂ ಮುಜುಗರವಾಗುತ್ತದೆ. ರಮ್ಯ ಮತ್ತೆ ಕೇಳಲು ಹೋಗಲಿಲ್ಲ. ಗಿರಿರಾಜ್ ಮಾತ್ರ ತಡಮಾಡದೆ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡನ್ನು ಗೇಟಿಗೆ ತಂತಿಯಲ್ಲಿ ಬಿಗಿದ. ಮನೆಯ ಹಿರಿಯರಾದ ಅತ್ತೆ ಚಿಕ್ಕಲಕ್ಷ್ಮಮ್ಮ ಆ ಬೋರ್ಡನ್ನು ನೋಡಿ, "ಆ ಮಗು ಕೆಳಗೆ ಬರೋದೇ ಬಿಟ್ಬಿಟ್ಟೈತೆ. ಏನೋ ಆಗೈತೆ ಕಣಮ್ಮ" ಎಂದರು.

ಏನಾಗಿದೆ ಎಂಬುದು ಆ ಶನಿವಾರ ಮಧ್ಯಾಹ್ನ ಗೊತ್ತಾಯಿತು.

ಅಂಗಡಿಗೆ ಹೊರಡುವ ಮುಂಚೆ ರಮ್ಯ ಅಡುಗೆಮನೆಯಲ್ಲಿದ್ದಳು. ನಡುಮನೆಯಿಂದ ಮಗುವೊಂದು ಅಳುವುದು ಕೇಳಿಸಿತು. "ಅವ್ವಾ... ಅವ್ವಾ... ಯವ್ವಾ..." ವಚನಾಳ ದನಿ. ಬಿದ್ದಳೇನೋ ಎಂದು ರಮ್ಯ ಸೌಟು ಹಿಡಿದೇ ಹೊರಗೋಡಿದಳು. ನಡುಮನೆಯಲ್ಲಿ ವಚನಾ ಇರಲಿಲ್ಲ. ಸೋಫಾದ ಹಿಂದೆ ಧನ್ಯಶ್ರೀ ಕೂತು ಫೋನು ನೋಡಿ ನಗುತ್ತಿದ್ದಳು.

ಅದರಲ್ಲೊಂದು ವಿಡಿಯೋ. ಪಕ್ಕದ ಕಟ್ಟಡಕ್ಕೆ ತಂದು ಸುರಿದ ಮರಳಿನ ರಾಶಿಯ ಮೇಲಿಂದ ವಚನಾ ಜಾರಿ ಬೀಳುತ್ತಾಳೆ. ಯೂನಿಫಾರಮ್ ಹರಿಯುತ್ತದೆ, ಮೊಣಕೈಯಲ್ಲಿ ರಕ್ತ. ಅವಳು ತಾಯಿಯನ್ನು ಕರೆಯುತ್ತ ಅಳುತ್ತಾಳೆ. ಆ ಅಳುವನ್ನೇ ತುಂಡು ಮಾಡಿ, ಡೋಲಿನ ಸದ್ದು ಸೇರಿಸಿ ಹಾಡಿನ ಹಾಗೆ ಮಾಡಿದ್ದರು. ಕೊನೆಯಲ್ಲಿ ವಚನಾಳ ಮುಖಕ್ಕೆ ಕತ್ತೆಯ ಕಿವಿ ಬರುತ್ತಿತ್ತು.

"ಯಾರೇ ಮಾಡಿದ್ದು ಇದನ್ನ?"

ಧನ್ಯಶ್ರೀ ಅಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. "ನಾನೇ. ಕ್ಲಾಸಲ್ಲಿ ಎಲ್ರಿಗೂ ಇಷ್ಟ ಆಯ್ತು ಅಮ್ಮ. ಎಷ್ಟು ಹಾರ್ಟ್ ಬಂತು ಗೊತ್ತಾ? ಈಗ ಎಲ್ರೂ ಅವಳನ್ನ 'ಅವ್ವಾ ಅವ್ವಾ' ಅಂತಾನೇ ಕರೆಯೋದು."

"ಅವಳು ಬಿದ್ದಾಗ ನೀನು ಎಲ್ಲಿದ್ದೆ?"

"ಅಲ್ಲೇ, ಪಕ್ಕದಲ್ಲೇ."

"ಎತ್ತಲಿಲ್ವಾ?"

"ವಿಡಿಯೋ ಮಾಡ್ತಾ ಇದ್ನಲ್ಲ."

ರಮ್ಯಳಿಗೆ ಕೈ ಎತ್ತಬೇಕೆನಿಸಿತು. ಎತ್ತಲಿಲ್ಲ. ಮಗಳ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ, ಅದೇ ಅವಳನ್ನು ಹೆದರಿಸಿತು. ಇರುವೆ ತುಳಿದರೂ ಅಳುತ್ತಿದ್ದ ಹುಡುಗಿ ಗೆಳತಿಯ ರಕ್ತ ನೋಡುತ್ತ ನಿಂತು ಎಷ್ಟು ಜನ ಮೆಚ್ಚಿದರೆಂದು ಎಣಿಸುತ್ತಿದ್ದಾಳೆ. ರಮ್ಯ ಫೋನು ತೆಗೆದುಕೊಂಡು ಒಳಗೆ ಹೋದಳು. ಧನ್ಯಶ್ರೀ ಅಜ್ಜಿಯ ಹಳೇ ಫೋನಿನಿಂದ ಮಾವನಿಗೆ ಕರೆ ಮಾಡಿ ಗೋಳೋ ಎಂದು ಅತ್ತಳು.

ಸಂಜೆಯ ಹೊತ್ತಿಗೆ ಮಧುವಿನ ಹಾರ್ನು ಕೇಳಿಸಿತು. ಗಿರಿರಾಜನೂ ಅಂಗಡಿ ಹುಡುಗರಿಗೆ ಬಿಟ್ಟು ಬಂದಿದ್ದ. ಚಿಕ್ಕಲಕ್ಷ್ಮಮ್ಮ ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಏನಕ್ಕ, ನಾನು ಕೊಟ್ಟಿದ್ದನ್ನ ಕಿತ್ಕೊಂಡ್ಯಂತೆ?" ಮಧು ಕೂರುವ ಮೊದಲೇ ಶುರುಮಾಡಿದ.

ರಮ್ಯ ಫೋನನ್ನು ಅವನ ಕೈಗೆ ಕೊಟ್ಟಳು. "ಮೊದ್ಲು ಇದನ್ನ ನೋಡು."

ಮಧು ನೋಡಿದ. ಡೋಲಿನ ಸದ್ದಿಗೆ ಅವನಿಗೆ ನಗು ಬಂತು. "ಲೇ ಧನ್ಯಾ, ಸೂಪರಾಗಿ ಮಾಡಿದೀಯಲ್ಲೇ!"

"ಈಗ ಸೌಂಡ್ ತೆಗೆದು ನೋಡು" ಎಂದಳು ರಮ್ಯ.

ಸದ್ದಿಲ್ಲದ ಪರದೆಯಲ್ಲಿ ಒಂದು ಮಗುವಿನ ಬಾಯಿ ತೆರೆದು ಮುಚ್ಚುತ್ತಿತ್ತು. ಅದು ಸುತ್ತ ನೋಡಿ, ಯಾರೂ ಬರದಿರುವುದನ್ನು ಕಂಡು, ತಾನೇ ಮೇಲೇಳಲು ನೋಡುತ್ತಿತ್ತು. ಮಧುವಿನ ಮುಖದ ನಗು ಇಳಿಯಿತು. ಆದರೂ ಸೋಲೊಪ್ಪುವ ಜಾತಿಯವನಲ್ಲ ಅವನು.

"ಸರಿ, ತಪ್ಪು ಮಾಡಿದಾಳೆ. ಬೈಯಿ, ಬುದ್ಧಿ ಹೇಳು. ಫೋನ್ ಏನಕ್ಕ ಮಾಡ್ತು? ನಾವು ಚಿಕ್ಕೋರಿದ್ದಾಗ ಇನ್ನೊಬ್ರನ್ನ ರೇಗಿಸ್ತಿರಲಿಲ್ವಾ?"

"ರೇಗಿಸ್ತಿದ್ವಿ. ಬೆಲ್ ಹೊಡೆದ್ರೆ ಮರೆತು ಹೋಗ್ತಿತ್ತು. ಅಲ್ಲಿ ಇದ್ದ ನಾಲ್ಕು ಜನ ನಗ್ತಿದ್ರು, ಅವರೇ ಆಮೇಲೆ ಎತ್ತಿ ಕೂರಿಸ್ತಿದ್ರು. ಇದು ಮನೆಮನೆ ತಿರುಗ್ತಾ ಇದೆ ಮಧು."

ಗಿರಿರಾಜ್ ಮಧ್ಯೆ ಬಂದ. "ಈಗಿನ ಕಾಲದ ಮಕ್ಳು ರಮ್ಯ. ಎಲ್ಲರ ಹತ್ರ ಇರೋವಾಗ ಇವಳ ಹತ್ರ ಮಾತ್ರ ಇಲ್ಲ ಅಂದ್ರೆ ಇವಳೂ ಒಂಟಿ ಆಗ್ತಾಳೆ. ಮೇಲಿನ ಮನೆ ಹುಡುಗಿ ಆದಂಗೆ."

ಆ ಮಾತು ಆಡಿದ ಮೇಲೆ ಅವನಿಗೇ ಅದು ಕೇಳಿಸಿತೇನೋ, ಮುಖ ಆಚೆ ತಿರುಗಿಸಿದ.

"ನಮ್ಮ ಅಂಗಡೀಲಿ ಅವಳ ಕೈಗೆ ಟೆಸ್ಟರ್ ಕೊಡ್ತೀರಾ ನೀವು? ಕೊಡಲ್ಲ. ಕರೆಂಟ್ ಹೊಡೆದ ಮೇಲೆ 'ಟೆಸ್ಟರ್ ಏನು ಮಾಡ್ತು' ಅಂತ ಕೇಳೋದೂ ಇಲ್ಲ" ಎಂದಳು ರಮ್ಯ. ದನಿ ಏರಲಿಲ್ಲ, ಆದರೆ ಇಳಿಯಲೂ ಇಲ್ಲ.

"ಮತ್ತೆ ಆಟೋ ಕೆಟ್ರೆ?" ಮಧು ತನ್ನ ದೊಡ್ಡ ಅಸ್ತ್ರ ತೆಗೆದ.

ರಮ್ಯ ಮಗಳ ಕಡೆ ತಿರುಗಿದಳು. "ಧನ್ಯಾ, ನನ್ನ ನಂಬರ್ ಹೇಳು."

"ನಿನ್ನ ಫೋಟೋ ಒತ್ತಿದ್ರೆ ಹೋಗುತ್ತೆ."

"ಫೋನ್ ಇಲ್ಲ ಅಂದ್ಕೋ. ಚಾರ್ಜ್ ಮುಗೀತು. ನಂಬರ್ ಹೇಳು."

ಧನ್ಯಶ್ರೀಗೆ ಮೊದಲ ಎರಡು ಅಂಕಿಯೂ ಗೊತ್ತಿರಲಿಲ್ಲ. ಅಪ್ಪನದೂ ಗೊತ್ತಿರಲಿಲ್ಲ. ಮಧು ಕೊನೆಗೆ ಮೆಲ್ಲಗೆ, "ಆದ್ರೂ ಬಾಗಿನದಲ್ಲಿ ಕೊಟ್ಟಿದ್ದು ಅಕ್ಕ. ವಾಪಸ್ ತಗೊಂಡು ಹೋದ್ರೆ ಅಮ್ಮ ಏನಂದ್ಕೋತಾಳೆ?" ಎಂದ. ಇಷ್ಟು ಹೊತ್ತೂ ರಮ್ಯಳನ್ನು ಕಟ್ಟಿಹಾಕಿದ್ದು ನಿಜವಾಗಿ ಅದೊಂದೇ. ಅವಳು ಅತ್ತೆಯ ಕಡೆ ನೋಡಿದಳು.

ಚಿಕ್ಕಲಕ್ಷ್ಮಮ್ಮ ಅವರೆಕಾಯಿ ಪಕ್ಕಕ್ಕಿಟ್ಟರು.

"ವಾಪಸ್ ಯಾಕೆ ಕೊಡ್ಬೇಕು? ಬಾಗಿನದ ಬೇಳೇಲಿ ಆವತ್ತು ಒಬ್ಬಟ್ಟು ಮಾಡಿದ್ವಿ. ಮನೆಯೋರೆಲ್ಲ ತಿಂದ್ವಿ, ಮೇಲಿನ ಮನೆಗೂ ಕೊಟ್ವಿ. ಬಾಗಿನದಾಗೆ ಬಂದಿದ್ದು ಮನೇದು ಕಣಪ್ಪ, ಒಬ್ಬರದಲ್ಲ."

"ಬಳೆ ಅಕ್ಕ ಒಬ್ಬಳೇ ತಾನೇ ತೊಟ್ಕೊಂಡಿದ್ದು ಅತ್ತೆಮ್ಮ?" ಮಧು ಬಿಡಲಿಲ್ಲ.

"ಅವಳ ಅಳತೇಗೆ ತಂದಿದ್ರಿ, ತೊಟ್ಕೊಂಡ್ಲು. ಆ ಬಳೇನ ಈ ಮಗೀನ ಕೈಗೆ ಹಾಕು ನೋಡೋಣ, ಜಾರಿ ಬಿದ್ದೋಗ್ತೈತೆ. ಕೈ ಬೆಳೀಲಿ. ಅಲ್ಲೀವರ್ಗೂ ಟೀವಿ ಪಕ್ಕದಾಗೆ ಇರ್ಲಿ. ಯಾರಿಗೆ ಬೇಕೋ ಅಲ್ಲೇ ನಿಂತು ಮಾತಾಡ್ಲಿ." ಆಮೇಲೆ ಮೊಮ್ಮಗಳನ್ನು ಹತ್ತಿರ ಕರೆದರು. "ಅವ್ವಾ ಅಂದ್ರೆ ನಗು ಬತ್ತದೇನೇ ನಿಂಗೆ? ನಿಮ್ಮ ತಾತ ಸಾಯೋಗಂಟ ಅವರಮ್ಮನ್ನ ಅವ್ವಾ ಅಂತಾನೇ ಕರೀತಿದ್ದಿದ್ದು. ಇದು ಹಳ್ಳಿ ಆಗಿದ್ದಾಗ ಈ ಬೀದೀಲಿ ಎಲ್ಲರ ಮನೇಲೂ ಅವ್ವನೇ."

ಧನ್ಯಶ್ರೀ ತಲೆ ತಗ್ಗಿಸಿದಳು. ಮಧು ಫೋನನ್ನು ತಾನೇ ಟೀವಿಯ ಪಕ್ಕದಲ್ಲಿಟ್ಟ.

ಭಾನುವಾರ ಬೆಳಿಗ್ಗೆ ರಮ್ಯ ಅದೇ ಫೋನಿನಿಂದ ಗುಂಪಿನಲ್ಲಿದ್ದ ಹುಡುಗಿಯರ ತಾಯಂದಿರಿಗೆ ಒಬ್ಬೊಬ್ಬರಾಗಿ ಕರೆ ಮಾಡಿದಳು. "ನನ್ನ ಮಗಳೇ ಮಾಡಿದ ವಿಡಿಯೋ. ದಯವಿಟ್ಟು ಅಳಿಸಿಬಿಡಿ" ಎಂದಳು. ಒಬ್ಬರು, "ಮಕ್ಕಳಾಟ, ಇಷ್ಟು ದೊಡ್ಡದು ಮಾಡೋದು ಯಾಕೆ?" ಎಂದರು. ಇನ್ನೊಬ್ಬರು, "ನಾನೂ ನೋಡಿ ನಕ್ಕಿದ್ದೆ ಕಣ್ರೀ" ಎಂದರು. ಕೊನೆಗೆ ಆ ಫೋನಿನಲ್ಲಿದ್ದದ್ದನ್ನೂ ಅಳಿಸಿ, ರಮ್ಯ ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದಳು.

ಬಸವರಾಜೇಶ್ವರಿ ಗಾಬರಿಯಿಂದ ಕುರ್ಚಿ ಒರೆಸಿ ಕೊಟ್ಟರು. ವಚನಾ ಕೋಣೆಯ ಪರದೆಯ ಹಿಂದೆ ನಿಂತಿದ್ದಳು, ಕಾಲು ಮಾತ್ರ ಕಾಣುತ್ತಿತ್ತು. ಧನ್ಯಶ್ರೀ ಆ ಕಾಲುಗಳಿಗೇ, "ಸಾರಿ ವಚನಾ. ನಾನು ನಿನ್ನ ಎತ್ತಬೇಕಿತ್ತು" ಎಂದಳು. ಅಷ್ಟು ಹೇಳುವುದರೊಳಗೆ ಅಳು ಬಂತು. ಪರದೆ ಅಲುಗಿತು, ತೆರೆಯಲಿಲ್ಲ.

"ನಂಗೆ ಯಾಕೆ ಹೇಳಲಿಲ್ಲ ನೀವು?" ರಮ್ಯ ಕೇಳಿದಳು.

"ಹೆಂಗ ಹೇಳೂದ್ರಿ ಅಕ್ಕಾರ? ಮನಿ ನಿಮ್ದು, ಮಗಳು ನಿಮ್ದು. ನೀವು ಏನರ ತಿಳ್ಕೊಂಡ್ರ?" ಬಸವರಾಜೇಶ್ವರಿ ಸೆರಗಿನ ತುದಿ ಸುತ್ತುತ್ತ ಮಾತಾಡಿದರು. "ಕೈಗೆ ಆದ ಗಾಯ ಮಾದೈತ್ರಿ. ಆದ್ರ ಆವತ್ತಿನಿಂದ ಅಕಿ ನನ್ನ ಮಮ್ಮಿ ಅಂತಾಳ. ಮನಿಯಾಗೂ ಮಮ್ಮಿ. ನಿದ್ದಿಗಣ್ಣಾಗ ಅವ್ವಾ ಅಂತ ಬಾಯಿಗೆ ಬಂದ್ರೂ ಗಪ್ಪನ ನುಂಗಿಬಿಡ್ತಾಳ್ರಿ. ನನಗ ತಡ್ಕೊಳ್ಳಾಕ ಆಗಲಿಲ್ಲ. ಬ್ಯಾರೆ ಸಾಲಿಗೆ ಹೋದ್ರ ಮರೀತಾಳೇನೋ ಅಂತ."

ಮನೆ ಬಿಡಬೇಡಿ ಎಂದು ಕೇಳಲೂ ರಮ್ಯಳಿಗೆ ಬಾಯಿ ಬರಲಿಲ್ಲ. ಮಗುವೊಂದು ತಾಯಿಯನ್ನು ಕರೆಯುವ ಮಾತನ್ನೇ ತನ್ನ ಮನೆಯಿಂದ ಹೋದ ಒಂದು ವಿಡಿಯೋ ಕಸಿದುಕೊಂಡಿತ್ತು. ಅದನ್ನು ಯಾವ ಕ್ಷಮೆಯಲ್ಲಿ ತಂದುಕೊಡುವುದು? "ಯೋಚನೆ ಮಾಡಿ ನೋಡಿ" ಎಂದಷ್ಟೇ ಹೇಳಿ ಇಳಿದು ಬಂದಳು. ಬೋರ್ಡು ಗೇಟಿನಲ್ಲೇ ಇತ್ತು.

ಮನೆಯಲ್ಲಿ ಹೊಸ ಪಾಠ ಶುರುವಾಯಿತು. ಮಗ್ಗಿಯ ಜೊತೆಗೆ ಅಮ್ಮನ ನಂಬರು, ಅಪ್ಪನ ನಂಬರು ಬಾಯಿಪಾಠವಾಯಿತು. ಟ್ಯೂಷನ್ ಮನೆಯ ಕೆಳಗಿನ ಹಾಲಿನ ಬೂತಿನವರಿಗೆ ರಮ್ಯ ಮಗಳನ್ನು ತೋರಿಸಿ ಪರಿಚಯ ಮಾಡಿಸಿದಳು. ಒಂದು ದಿನ ಆಟೋ ಬರುವುದು ತಡವಾದಾಗ ಅಲ್ಲಿಂದಲೇ ಕರೆ ಬಂತು. "ಅಮ್ಮಾ, ನಾನು ಬೂತ್ ಅಂಕಲ್ ಹತ್ರ ಇದೀನಿ" ಎಂದ ದನಿಯಲ್ಲಿ ಹೆದರಿಕೆಗಿಂತ ಜಂಬವೇ ಹೆಚ್ಚಿತ್ತು. ಗಿರಿರಾಜ್ ಆ ರಾತ್ರಿ ಊಟಕ್ಕೆ ಕೂತಾಗ, "ಪರವಾಗಿಲ್ಲ ಕಣೇ ನೀನು" ಎಂದು ಒಪ್ಪಿಕೊಂಡ.

ಫೋನು ಕೇಳಿ ಧನ್ಯಶ್ರೀ ಮೊದಲ ವಾರ ಅತ್ತಳು, ಅನ್ನ ಬಿಟ್ಟಳು, ಅಜ್ಜಿಯ ಮೇಲೂ ಮುನಿಸಿಕೊಂಡಳು. ರಮ್ಯ ಜಗ್ಗಲಿಲ್ಲ. ಆಮೇಲೆ ಬೇಜಾರು ತಡೆಯಲಾರದೆ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ತಾನೇ ಎರಡೂ ಕಡೆಯಿಂದ ಆಡತೊಡಗಿದಳು. ಕೆಲವು ದಿನ ಕಳೆದ ಮೇಲೆ ವಚನಾ ಮೇಲಿನ ಮೆಟ್ಟಿಲಲ್ಲಿ ಬಂದು ಕೂತು ನೋಡಿದಳು. ಕೂತಳು ಅಷ್ಟೆ, ಮಾತಿಲ್ಲ. ಇನ್ನೊಂದು ದಿನ, "ಆ ಕಾಯಿ ಕಡೀಬೋದು" ಎಂದಳು. ಧನ್ಯಶ್ರೀ ಕವಡೆಗಳನ್ನು ಅವಳ ಕಡೆ ಸರಿಸಿದಳು.

ಸಂಕ್ರಾಂತಿಯ ಹಿಂದಿನ ಸಂಜೆ ರಮ್ಯ ಎಳ್ಳು ಬೆಲ್ಲದ ಸಾಮಾನು ಹಿಡಿದು ಮನೆಗೆ ಬರುತ್ತಿದ್ದಳು. ಮರಳಿನ ರಾಶಿಯ ಮೇಲೆ ಮಕ್ಕಳು ಆಡುತ್ತಿದ್ದರು. ಅವಳು ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ ಧನ್ಯಶ್ರೀ ರಾಶಿಯ ತುದಿಯಿಂದ ಜಾರಿ, ಕೆಳಗಿದ್ದ ಜಲ್ಲಿಯ ಮೇಲೆ ಬಿದ್ದಳು. ಮೊಣಕಾಲಿನಿಂದ ರಕ್ತ ಹರಿಯಿತು. ಉಸಿರು ಸಿಕ್ಕಿಕೊಂಡು ಅಳುವೂ ಹೊರಗೆ ಬರಲಿಲ್ಲ. ಸುತ್ತಲಿನ ಮಕ್ಕಳು ಏನು ಮಾಡಬೇಕೆಂದು ತೋಚದೆ ನಿಂತರು.

ವಚನಾ ಮಾತ್ರ ರಾಶಿಯಿಂದ ದಡದಡನೆ ಇಳಿದು ಬಂದು, ಗೆಳತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡನೇ ಮಹಡಿಯ ಕಿಟಕಿಯ ಕಡೆ ಮುಖವೆತ್ತಿ ಶಕ್ತಿಯಿದ್ದಷ್ಟೂ ಕೂಗಿದಳು.

"ಅವ್ವಾ! ಏ ಅವ್ವಾ! ಲಗೂನ ಬಾ, ಧನ್ಯಾ ಬಿದ್ದಾಳ!"

ಇಡೀ ರಸ್ತೆಗೆ ಕೇಳಿಸಿತು. ಯಾರೂ ನಗಲಿಲ್ಲ.

ಬಸವರಾಜೇಶ್ವರಿ ಚಪ್ಪಲಿ ಮೆಟ್ಟದೆ, ಹಿಟ್ಟಿನ ಕೈಯಲ್ಲೇ ಓಡಿ ಬಂದರು. ರಮ್ಯ ತಲುಪುವಷ್ಟರಲ್ಲಿ ಧನ್ಯಶ್ರೀಯನ್ನು ಗೇಟಿನ ಕಟ್ಟೆಯ ಮೇಲೆ ಕೂರಿಸಿ, ಗಾಯ ತೊಳೆದು, ತಮ್ಮ ಸೆರಗನ್ನೇ ಒತ್ತಿ ಹಿಡಿದಿದ್ದರು. ಅವರ ಕಣ್ಣಲ್ಲಿ ನೀರು ಹರಿಯುತ್ತಿತ್ತು. ರಮ್ಯ ಗಾಬರಿಯಾಗಿ, "ಜೋರಾಗಿ ಏಟಾಗಿದೆಯಾ?" ಎಂದಳು.

"ಇಲ್ರೀ, ತೊಗಲು ಸುಲದೈತಿ ಅಷ್ಟ." ಅವರು ಭುಜಕ್ಕೆ ಕಣ್ಣೊರೆಸಿಕೊಂಡರು. "ಕೇಳಿದ್ರೇನ್ರೀ ಅಕ್ಕಾರ? ಅವ್ವಾ ಅಂತ ಕರದ್ಳು."

ರಮ್ಯ ಕೇಳಿದ್ದಳು. ಅವಳ ಕಣ್ಣೂ ತುಂಬಿ ಬಂತು. ವಚನಾ ಇಬ್ಬರು ದೊಡ್ಡವರ ಮುಖವನ್ನೂ ನೋಡಿ, ಬಿದ್ದವಳು ಧನ್ಯಾ ಆದರೆ ಇವರೇಕೆ ಅಳುತ್ತಿದ್ದಾರೆಂದು ತಿಳಿಯದೆ, "ಅವ್ವಾ, ಅರಿಶಿನ ತರ್ಲೇನ?" ಎಂದು ಕೇಳಿದಳು.

"ತಗೊಂಬಾ ನನ್ನವ್ವಾ" ಎಂದರು ಬಸವರಾಜೇಶ್ವರಿ. ಆಮೇಲೆ ಗೇಟಿನ ಕಡೆ ನೋಡಿ, ಸಂಕೋಚದಿಂದ, "ಆ ಬೋರ್ಡು ತೆಗೀರಿ ಅಕ್ಕಾರ. ಸಾಲಿ ಸಮೀಪ ಐತಿ" ಎಂದರು.

ರಮ್ಯ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ಬೋರ್ಡಿನ ತಂತಿ ಬಿಚ್ಚತೊಡಗಿದಳು. ಗಿರಿರಾಜ್ ಬಲವಾಗಿಯೇ ಬಿಗಿದಿದ್ದ. ಧನ್ಯಶ್ರೀ ಕುಂಟುತ್ತ ಬಂದು ಬೋರ್ಡಿನ ಒಂದು ತುದಿ ಹಿಡಿದಳು. ಅರಿಶಿನದ ಡಬ್ಬಿ ತಂದ ವಚನಾ ಅದನ್ನು ಕಟ್ಟೆಯ ಮೇಲಿಟ್ಟು ಇನ್ನೊಂದು ತುದಿ ಹಿಡಿದಳು.